ರೊಟ್ಟಿ ಬಿಸ್ಕೀಟು

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಬೀದರಿನ ಅಬ್ದುಲ ಖಾದರನ ಬೇಕರಿ ಮುಂದೆ ಹೆಂಗಸರ ಸಾಲು. ಮನೆಯಲ್ಲೇ ಬಿಸ್ಕೀಟಿನ ಹಿಟ್ಟು ನಾದಿ ಡಬ್ಬಿಯಲ್ಲಿ ತರುತ್ತಾರೆ, ಖಾದರ ತನ್ನ ಭಟ್ಟಿಯಲ್ಲಿ ಬೇಯಿಸಿಕೊಡುತ್ತಾನೆ. ಕೈ ಟ್ರೇಗಳ ಮೇಲಿದ್ದರೂ ಅವನ ಕಿವಿ ಮಾತ್ರ ಸಾಲಿನ ಕಡೆಗೇ. ಇವತ್ತು ಎಸ್ತರಮ್ಮ ಸೊಸೆ ನಿಸ್ಸಿಯ ಡಬ್ಬಿ ತೆರೆದು ನೋಡಿದ್ದರು.

“ಹಿಟ್ಟು ಯಾಕ ಹಿಂಗ ತರಿತರಿ ಅದ? ಏನ್ ಹಾಕಿದಿ?”

“ಉಳಿದ ಜ್ವಾಳದ ರೊಟ್ಟಿರೀ ಅತ್ತಿ. ಒಣಗಿಸಿ ಪುಡಿ ಮಾಡಿ ಮೈದಾ, ಬೆಲ್ಲ, ತುಪ್ಪದಾಗ ಕಲಸೀನಿ. ಸಂತಪುರದಾಗ ನಮ್ಮವ್ವ ಹಿಂಗೇ ಮಾಡ್ತಾಳ್ರಿ.”

“ಯಪ್ಪಾ! ಹಬ್ಬದಾಗ ಚರ್ಚಿನ ಮಂದಿಗಿ ತಂಗಳ ರೊಟ್ಟಿ ತಿನ್ನಸ್ತೀ? ನಾ ಮಾರಿ ಎಲ್ಲಿ ಇಟ್ಕೊಳ್ಲಿ?”

“ಮೊದ್ಲ ತಿಂದು ನೋಡ್ರಿ.”

“ನಾ ಮುಟ್ಟಂಗಿಲ್ಲ.”

ಅಷ್ಟರಲ್ಲಿ ಅವರ ಸರದಿ ಬಂದು ಹಿಟ್ಟು ಭಟ್ಟಿಗೆ ಹೋಯಿತು. ಖಾದರ ಬಿಸಿ ಟ್ರೇ ಹೊರಗೆಳೆದಾಗ ತುಪ್ಪ ಬೆಲ್ಲದ ಘಮ ಬೀದಿಯವರೆಗೂ ಹೋಯಿತು. ಎಸ್ತರಮ್ಮ ಒಂದು ಚೂರು ಮುರಿದು ಬಾಯಿಗಿಟ್ಟರು. ಆಮೇಲೆ ಒಂದು ಇಡೀ ಬಿಸ್ಕೀಟನ್ನೇ ಎತ್ತಿಕೊಂಡರು. ಹಿಂದೆ ನಿಂತಿದ್ದ, ಅವರದೇ ಚರ್ಚಿನ ರೆಬೆಕ್ಕಾ ಕೂಡ ಕೈ ಚಾಚಿದಳು.

“ಎಸ್ತರಕ್ಕಾ, ಎಷ್ಟ್ ಛಂದ ಆಗ್ಯಾವ್ರಿ! ಹ್ಯಾಂಗ ಮಾಡೀರಿ?”

“ಇದು... ನಮ್ಮ ತವರಮನಿ ಪದ್ಧತಿ ಅದವಾ. ನಮ್ಮವ್ವ ಕಲಿಸಿದ್ದು.”

ನಿಸ್ಸಿ ಸೆರಗು ಬಾಯಿಗೊತ್ತಿ ನಕ್ಕಳು.

ಡಬ್ಬಿ ತುಂಬಿಕೊಂಡು ಅತ್ತೆ ಸೊಸೆ ಮೆಟ್ಟಿಲಿಳಿಯುವಾಗ ಎಸ್ತರಮ್ಮ ದನಿ ತಗ್ಗಿಸಿ ಹೇಳಿದ್ದೂ ಖಾದರನ ಕಿವಿಗೆ ಬಿತ್ತು.

“ನಾಳಿ ನಾಕು ರೊಟ್ಟಿ ಹೆಚ್ಚಿಗಿ ಬಡಿ. ಮನ್ಯಾಗ ಯಾರಿಗೂ ತಿನ್ಲಾಕ ಕೊಡಬ್ಯಾಡ.”