ಬೆಕ್ಕುಗಳಿಗಾಗಿ ಒಂದು ಕೀ

ಬೀಗ ರಿಪೇರಿಯವನು ಮಷೀನು ನಿಲ್ಲಿಸಿ, ಹೊಸ ಕೀಯನ್ನು ಅರದಿಂದ ಮೆಲ್ಲಗೆ ಉಜ್ಜತೊಡಗಿದ. ಅಂಗಡಿಯೆದುರು ನಿಂತಿದ್ದ ಅಕ್ಕತಂಗಿಯರ ಮಾತಿಗೆ ಮಷೀನಿನ ಸದ್ದು ಅಡ್ಡ ಬರುತ್ತಿತ್ತು.

“ಬಂದು ಊಟ ಹಾಕಿ ಹೋದ್ರೆ ಸಾಲದು ಕಣೇ, ರಾತ್ರಿ ಅಲ್ಲೇ ಮಲಗ್ಬೇಕು. ಯಾರೂ ಇಲ್ದಿದ್ರೆ ಎರಡು ಬೆಕ್ಕೂ ಮಂಕಾಗ್ಬಿಡ್ತವೆ.”

“ಗೊತ್ತು ಬಿಡಕ್ಕ. ನನ್ನ ಆಪರೇಷನ್ ದಿನಾನೇ ಹೇಳಿದ್ಯಲ್ಲ.”

“ಏನಂತ?”

“ಆಸ್ಪತ್ರೇಲಿ ಒಂದು ರಾತ್ರಿ ಜೊತೆಗಿರು ಅಂದ್ರೆ, ಬೆಕ್ಕು ಬಿಟ್ಟು ಹೆಂಗೆ ಬರ್ಲಿ ಅಂದೆ. ಈಗ ಸಮುದ್ರದಲ್ಲಿ ಕಾಲು ನೆನೆಸೋಕೆ ವಾರಗಟ್ಟಲೆ ಬಿಟ್ಟು ಹೋಗ್ತೀಯ.”

“ಅಯ್ಯೋ, ಆಗ ಅವು ಇನ್ನೂ ಮರಿಗಳು!”

“ಹೋದ ತಿಂಗಳು ಮರಿಗಳು, ಈ ತಿಂಗಳಿಗೆ ಅಜ್ಜಿಗಳಾದ್ವಾ?”

ಅಕ್ಕ ಕೈಚೀಲದೊಳಗೆ ಏನನ್ನೋ ಹುಡುಕತೊಡಗಿದಳು.

“ಇಷ್ಟ ಇಲ್ದಿದ್ರೆ ಬಿಡು. ಬೇರೆ ಯಾರನ್ನಾದ್ರೂ ಕೇಳ್ತೀನಿ.”

“ಯಾರಿದ್ದಾರೆ ನಿನಗೆ, ಕೇಳೋಕೆ?”

ರಿಪೇರಿಯವನು ಇನ್ನು ಉಜ್ಜಿದರೆ ಕೀಯೇ ಸವೆದುಹೋಗುತ್ತದೆಂದು ಅದನ್ನು ಅವರತ್ತ ಚಾಚಿದ. ತಂಗಿ ತೆಗೆದುಕೊಂಡಳು.

“ಬಂದು ಮಲಗ್ತೀನಿ. ರಾತ್ರಿಯೆಲ್ಲ ಒಬ್ಬರೇ ಬಿದ್ದಿರೋ ಸಂಕಟ ಏನಂತ ನನಗೆ ಗೊತ್ತು. ಪಾಪ, ಬೆಕ್ಕುಗಳಿಗ್ಯಾಕೆ ಅದು?”

ಅವಳು ತಿರುಗಿ ನೋಡದೆ ನಡೆದಳು. ಅಕ್ಕ ಹಿಂದೆಯೇ ಓಡಿದಳು.

“ಏ, ನಿಂತ್ಕೊಳ್ಳೇ! ಹಾಲು ಬೆಚ್ಚಗೆ ಮಾಡಿ ಹಾಕ್ಬೇಕು!”