ಎಣಿಸದ ಹಿಂಡು

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವ್ವನ ರಿಪೋರ್ಟಿಗಾಗಿ ಕಾದು ಕಾದು ಮಗಳು ಮನಾಲಿಗೆ ಬೆಂಚಿನಲ್ಲೇ ತೂಕಡಿಕೆ ಬಂದಿತ್ತು. ಮರೆವಿನ ಪರೀಕ್ಷೆ ಮುಗಿಸಿದ ಕುರಿಗಾರ ಮುದುಕನೊಬ್ಬ ಹೆಗಲ ಕಂಬಳಿ ಸರಿಸಿಕೊಂಡು ಪಕ್ಕದಲ್ಲಿ ಕೂತ. ಹಿಂದೆಯೇ ಬಂದ ಹೆಂಡತಿ ಶುರುಮಾಡಿದಳು.

“ಕಣ್ಣ ಮುಚ್ಚಿ ಮನಿ ನೆನಸ್ರಿ, ಏನ ಕಾಣತೈತಿ ಅಂತ ಡಾಕ್ಟರ ಕೇಳಿದ್ರ ಕತ್ತಲಿ ಅಂದ್ರಲ್ಲಾ?”

“ಕಣ್ಣ ಮುಚ್ಚಿದ್ರ ಮತ್ತೇನ ಕಾಣತೈತಿ?”

“ಎಲ್ಲಾರಿಗೂ ಚಿತ್ರ ಕಾಣತೈತ್ರಿ!”

“ನನಗ ಹುಟ್ಟಿದಾಗಿಂದ ಕಂಡಿಲ್ಲ.”

“ಅವರು ಅದನ್ನ ಮರೆವು ಅಂತ ಬರಕೊಂಡ್ರು. ಇನ್ನ ಮಗ ನಿಮ್ಮನ್ನ ಕುರಿ ಹಿಂದ ಬಿಡಂಗಿಲ್ಲ.”

“ನಾ ಎಂದಾದ್ರೂ ಕುರಿ ಎಣಿಸೀನೇನು?”

“ಎಣಿಸಿದ್ರ ದೃಷ್ಟಿ ಆಗತೈತಿ. ಯಾರೂ ಎಣಸಂಗಿಲ್ಲ.”

“ಎಣಸದಿದ್ರೂ ಒಂದ ಕಮ್ಮಿ ಆದ್ರ ನನಗ ತಿಳೀತೈತಿ. ಅದಕ್ಕ ಚಿತ್ರ ಯಾಕ ಬೇಕು?”

ಮನಾಲಿ ತಾನೂ ಕಣ್ಣು ಮುಚ್ಚಿ ನೋಡಿದಳು. ಅವ್ವನ ಮುಖ ಕಂಡಿತು, ಕಣ್ಣು ತೆರೆದಳು.

“ಹಂಗಾರ ಕುರಿ ಹೊಡಕೊಂಡು ಎಂಟೆಂಟ ತಿಂಗಳ ಊರೂರು ತಿರಗತಿದ್ರಲ್ಲಾ, ನನ್ನ ಮುಖಾನೂ ಕಣ್ಣಮುಂದ ಬರತಿದ್ದಿಲ್ಲೇನ್ರಿ?” ಮುದುಕಿ ಕೇಳಿದಳು.

“ಇಲ್ಲ.”

“ಒಮ್ಮೆರೆ?”

“ಒಮ್ಮೆನೂ ಇಲ್ಲ.” ಮುದುಕ ಮೊಣಕಾಲು ತಿಕ್ಕಿಕೊಂಡ. “ದಿನಾ ಸಂಜಿಗೆ ಹಿಂಡ ಪೂರಾ ಇರತಿತ್ತು. ಆದ್ರೂ ಒಂದ ಕಮ್ಮಿ ಅನಸತಿತ್ತು.”

ಮುದುಕಿ ಜಾರಿದ ಅವನ ಕಂಬಳಿಯನ್ನು ಹೆಗಲಿಗೇರಿಸಿದಳು.

“ಏಳ್ರಿ, ಊರಿಗೆ ಹೋಗೂ ಗಡಹಿಂಗ್ಲಜ ಬಸ್ಸು ತಪ್ಪತೈತಿ.”