ಯೆಫಿಮನ ರಜೆ ಅರ್ಜಿ

ಸಂಗಾತಿ ಅಧ್ಯಕ್ಷರೇ, ಗಿರಣಿಯ ನಿರ್ದೇಶಕರೇ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ತಾಯಂದಿರೇ, ಸಭಿಕರೇ,

ಕ್ರಾಂತಿಯ ಹತ್ತನೆಯ ವರ್ಷದ ಈ ಸಭೆಯಲ್ಲಿ ನನಗೆ ಕೊಟ್ಟಿರುವ ವಿಷಯ ಇದು: ಜರ್ಮನರೊಡನೆ ಅಷ್ಟು ದೊಡ್ಡ ಯುದ್ಧ ನಡೆಯುತ್ತಿದ್ದಾಗ ನಮ್ಮ ಹೊಸ ಸರ್ಕಾರ ಬಂದ ಮರುದಿನವೇ ಶಾಂತಿ ಕೇಳಿದ್ದೇಕೆ? ದೇಶವನ್ನು ಮಾರಿತೇ? ಹಾಗೆನ್ನುವವರು ಸಾವಿರದ ಒಂಬೈನೂರ ಹದಿನೇಳರಲ್ಲಿ ನಮ್ಮ ಕಂದಕದೊಳಗೆ ಇರಲಿಲ್ಲ. ಯುದ್ಧಕ್ಕೆ ಮೂರು ವರ್ಷ ತುಂಬಿತ್ತು. ರೊಟ್ಟಿ ಇರಲಿಲ್ಲ, ಬೂಟು ಇರಲಿಲ್ಲ, ಫಿರಂಗಿ ಎಳೆಯುವ ಕುದುರೆಗಳನ್ನು ನಾವೇ ತಿಂದಿದ್ದೆವು. ಸೈನಿಕ ಮನಸ್ಸಿನಲ್ಲಿ ಆಗಲೇ ಊರು ಸೇರಿದ್ದ. ಶಾಂತಿ ಕೇಳದಿದ್ದರೆ ಸರ್ಕಾರವೇ ಉಳಿಯುತ್ತಿರಲಿಲ್ಲ. ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ.

ನಾನಾಗ ನಮ್ಮ ತುಕಡಿಯ ಸೈನಿಕ ಸಮಿತಿಯ ಅಧ್ಯಕ್ಷ. ನಾವು ಎಲ್ಲದಕ್ಕೂ ಮತ ಹಾಕಿಸುತ್ತಿದ್ದೆವು. ಸಾರು ಯಾರು ಬೇಯಿಸಬೇಕು? ಕೈ ಎತ್ತಿ. ಅಧಿಕಾರಿಗೆ ಸಲಾಮು ಹೊಡೆಯಬೇಕೇ? ಕೈ ಎತ್ತಿ. ಒಮ್ಮೆ, ಚಳಿ ಬಹಳ ಇದೆ ಎಂಬುದನ್ನೂ ಬಹುಮತದಿಂದ ಅಂಗೀಕರಿಸಿದೆವು. ನಗಬೇಡಿ, ಇಬ್ಬರು ವಿರೋಧಿಸಿದ್ದರು.

ಶಾಂತಿಯ ಘೋಷಣೆ, ಭೂಮಿಯ ಘೋಷಣೆ ಎರಡೂ ಒಟ್ಟಿಗೇ ಬಂದವು. ಮರುದಿನ ನಮ್ಮೂರಿನ ಯೆಫಿಮ್ ಬಂದು ರಜೆ ಕೇಳಿದ.

"ಪೊರ್ಫಿರಿ, ಊರಲ್ಲಿ ಜಮೀನ್ದಾರನ ಹೊಲ ಹಂಚ್ತಾ ಇದಾರೆ ಕಣೋ. ಮನೇಲಿರೋ ಬಾಯಿ ಎಣಿಸಿ ಕೊಡೋದು. ಇಲ್ಲಿ ಬಿದ್ದಿರೋ ನನ್ನ ಬಾಯಿನ ಯಾರು ಎಣಿಸ್ತಾರೆ?"

"ಕದನ ವಿರಾಮಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಕಂದಕ ಖಾಲಿ ಕಂಡ್ರೆ ಜರ್ಮನರು ಮಾತಿಗೆ ಕೂರ್ತಾರಾ? ಒಳಗೇ ನುಗ್ತಾರೆ."

"ಶಾಂತಿ ಬೇಕು ಅಂತ ನಮ್ಮ ಕೈಯೆಲ್ಲ ಎತ್ತಿಸ್ದೋನು ನೀನೇ ಅಲ್ವೇನೋ? ಈಗ ಅದಕ್ಕೆ ನಾನು ಕಾವಲು ಕೂರ್ಬೇಕಾ?"

ಅರ್ಜಿಯನ್ನು ಸಮಿತಿಯಲ್ಲಿ ಮತಕ್ಕೆ ಹಾಕಿದೆವು. ತಿರಸ್ಕೃತವಾಯಿತು. ಐದು ದಿನದ ಮೇಲೆ, ನೀರು ತರಲು ಹೋದ ಯೆಫಿಮನಿಗೆ ಗುಂಡು ಬಿತ್ತು, ಅಲ್ಲೇ ಸತ್ತ. ನಮ್ಮ ಕಡೆ ಕದನ ವಿರಾಮವಾದದ್ದು ಅದರ ಮುಂದಿನ ವಾರ.

ಊರಿಗೆ ಮರಳಿ ಅವನ ಹೆಂಡತಿ ಅಗ್ರಫೇನಾಳಿಗೆ ಹೇಳಿದೆ: "ಸಮಿತಿ ತೀರ್ಮಾನ ಕಣಮ್ಮಾ." ಹತ್ತು ವರ್ಷ ಅಷ್ಟನ್ನೇ ಹೇಳಿಕೊಂಡು ಬಂದೆ. ಆಕೆ ಈ ಗಿರಣಿಯಲ್ಲೇ ನಾರು ನೂಲುತ್ತಾಳೆ. ಈಗ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸಿಬಿಡುತ್ತೇನೆ.

ಅಗ್ರಫೇನಾ, ಅವತ್ತು ಐದು ಜನ ಕಳಿಸೋಣ ಎಂದರು, ಐದು ಜನ ಬೇಡ ಎಂದರು. ಉಳಿದವನು ನಾನೊಬ್ಬನೇ. ತನ್ನ ಊರಿನವನೆಂದು ರಜೆ ಕೊಟ್ಟ ಎಂದು ಜನ ಆಡಿಕೊಂಡಾರು ಎಂಬ ಅಂಜಿಕೆಯಿಂದ, ಬೇಡ ಎಂದು ಕೈ ಎತ್ತಿದೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ದಯವಿಟ್ಟು ಚಪ್ಪಾಳೆ ಬೇಡ. ನಮಸ್ಕಾರ.